ಲೈಂಗಿಕ ಆಸಕ್ತಿ ಕುಗ್ಗಿದೆಯೇ? ಕಾರಣ ಹುಡುಕುವ ಬಗೆ

ವಾರಕ್ಕೆ ಇಷ್ಟು ಸಲ ಬಯಕೆ ಮೂಡಲೇಬೇಕು ಎಂಬ ಲೆಕ್ಕ ವೈದ್ಯಶಾಸ್ತ್ರದಲ್ಲಿ ಇಲ್ಲ. ಆಸಕ್ತಿ ಕುಗ್ಗಿ ಸುಮಾರು 6 ತಿಂಗಳು ಹಾಗೇ ಉಳಿದು, ಅದರಿಂದ ಆ ವ್ಯಕ್ತಿಗೇ ಸಂಕಟವಾಗುತ್ತಿದ್ದರೆ ಮಾತ್ರ ಅದನ್ನು ತೊಂದರೆ ಎಂದು ಗುರುತಿಸುತ್ತಾರೆ. ಹಾಗೆಂದು ಸಲಹೆ ಕೇಳಲು 6 ತಿಂಗಳು ಕಾಯಬೇಕಿಲ್ಲ. ಬಯಕೆ ಇಲ್ಲದೆಯೂ ನೆಮ್ಮದಿಯಿಂದ ಇರುವವರು ರೋಗಿಗಳಲ್ಲ. ದಂಪತಿಯಲ್ಲಿ ಒಬ್ಬರಿಗೆ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ ಆಸಕ್ತಿ ಇದ್ದರೆ ಕಡಿಮೆ ಇರುವವರಿಗೇ ಕಾಯಿಲೆಯ ಹಣೆಪಟ್ಟಿ ಕಟ್ಟುವುದು ಅನ್ಯಾಯ.

ಮೊದಲು ಬೇರ್ಪಡಿಸಬೇಕಾದದ್ದು: ಕುಗ್ಗಿರುವುದು ಮನಸ್ಸಿನ ಬಯಕೆಯೋ, ದೇಹದ ಸ್ಪಂದನೆಯೋ? ಆಸೆ ಇದ್ದೂ ನಿಮಿರುವಿಕೆ ಸಾಲದಿದ್ದರೆ, ಅಥವಾ ಒಣಗಿದ ಯೋನಿಯಿಂದ ನೋವಾಗುತ್ತಿದ್ದರೆ ಚಿಕಿತ್ಸೆಯ ದಾರಿ ಬೇರೆ. ಆದರೆ ಒಂದು ಇನ್ನೊಂದಕ್ಕೆ ಕಾರಣವಾಗಬಹುದು. ಪ್ರತಿ ಸಲವೂ ನೋವುಂಡವರಿಗೆ ಕ್ರಮೇಣ ಆಸೆಯೇ ಹುಟ್ಟದಿರುವುದು ಸಹಜ. ಆಗ ಮೊದಲು ನೋವಿಗೆ ಮದ್ದು ಮಾಡಬೇಕು.

ನಂತರ ಎರಡು ಪ್ರಶ್ನೆ. ಯಾವಾಗಿನಿಂದ? ಎಲ್ಲೆಲ್ಲಿ? ಒಂಟಿಯಾಗಿರುವಾಗ, ಕಲ್ಪನೆಯಲ್ಲಿ, ಹಸ್ತಮೈಥುನದಲ್ಲಿ ಆಸಕ್ತಿ ಹಿಂದಿನಂತೆಯೇ ಇದ್ದು ಸಂಗಾತಿಯ ಜೊತೆ ಮಾತ್ರ ಇಲ್ಲವಾದರೆ ಹಾರ್ಮೋನಿನ ಮೇಲಿನ ಅನುಮಾನ ಕಡಿಮೆಯಾಗುತ್ತದೆ. ಜಗಳ, ಭಯ, ನೋವು, ಏಕಾಂತದ ಕೊರತೆ ಇವುಗಳ ಕಡೆ ನೋಡಬೇಕು. ಎಲ್ಲ ಸಂದರ್ಭದಲ್ಲೂ ಒಂದೇ ರೀತಿ ಬತ್ತಿದ್ದರೆ ಔಷಧ, ಖಿನ್ನತೆ, ನಿದ್ರೆ ಮತ್ತು ಹಾರ್ಮೋನುಗಳ ಸರದಿ.

ಔಷಧಗಳನ್ನು ನಿಜಕ್ಕೂ ಪಟ್ಟಿ ಮಾಡಿ ಬರೆಯಿರಿ. ಒಂದು ಕಾಗದದಲ್ಲಿ ಪ್ರತಿ ಮಾತ್ರೆಯ ಹೆಸರು, ಪ್ರಮಾಣ, ಶುರುವಾದ ತಿಂಗಳು. ಪಕ್ಕದಲ್ಲಿ ಆಸಕ್ತಿ ಇಳಿದ ತಿಂಗಳು. ಎರಡೂ ಹತ್ತಿರ ಬಂದರೆ ಸುಳಿವು ಸಿಕ್ಕಂತೆ. ಖಿನ್ನತೆಗೆ ಕೊಡುವ ಸೆರ್ಟ್ರಲಿನ್, ಪ್ಯಾರೊಕ್ಸೆಟಿನ್, ಪ್ರೊಲ್ಯಾಕ್ಟಿನ್ (ಎದೆಹಾಲು ಉತ್ಪಾದನೆಗೆ ನೆರವಾಗುವ ಹಾರ್ಮೋನು) ಏರಿಸುವ ಮನೋರೋಗದ ಔಷಧ ರಿಸ್ಪೆರಿಡೋನ್, ಕೂದಲುದುರುವಿಕೆಗೆ ಬಳಸುವ ಫಿನಾಸ್ಟರೈಡ್, ದೀರ್ಘಕಾಲ ನುಂಗುವ ಒಪಿಯಾಯ್ಡ್ (ಅಫೀಮಿನ ಬಗೆಯ) ನೋವುನಿವಾರಕ ಇವೆಲ್ಲ ಆಸಕ್ತಿ ತಗ್ಗಿಸಬಲ್ಲವು. ದಯವಿಟ್ಟು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಖಿನ್ನತೆಯ ಮಾತ್ರೆಯನ್ನು ಏಕಾಏಕಿ ಬಿಟ್ಟರೆ ತಲೆಸುತ್ತು, ಚಡಪಡಿಕೆ ಕಾಡುತ್ತವೆ, ಕಾಯಿಲೆಯೂ ಮರುಕಳಿಸಬಹುದು. ಪ್ರಮಾಣ ಇಳಿಸುವುದು, ಬೇರೆ ಔಷಧಕ್ಕೆ ಬದಲಾಯಿಸುವುದು ವೈದ್ಯರ ಕೈಯಲ್ಲಿದೆ. ಖಿನ್ನತೆ ಸ್ವತಃ ಆಸೆಯನ್ನು ನುಂಗುವುದರಿಂದ ಎರಡನ್ನೂ ತೂಗಿ ನೋಡಬೇಕಾಗುತ್ತದೆ.

ರಕ್ತ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ತಪ್ಪುವುದು ಸಮಯ. ಪುರುಷರಲ್ಲಿ ಲೈಂಗಿಕ ಹಾರ್ಮೋನಾದ ಟೆಸ್ಟೊಸ್ಟಿರೋನ್ ಬೆಳಗ್ಗೆ ಹೆಚ್ಚಿದ್ದು ಸಂಜೆಗೆ ಇಳಿಯುತ್ತದೆ. ಬೆಳಗ್ಗೆ 10 ಗಂಟೆಯೊಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ 2 ದಿನ ರಕ್ತ ಕೊಟ್ಟು ಎರಡರಲ್ಲೂ ಕಡಿಮೆ ಬಂದರೆ ಮಾತ್ರ ಅದನ್ನು ನಂಬಬೇಕು. ಜೊತೆಗೆ ಥೈರಾಯ್ಡ್, ಪ್ರೊಲ್ಯಾಕ್ಟಿನ್, ಸಕ್ಕರೆ ಪ್ರಮಾಣ. ಮಹಿಳೆಯರಲ್ಲಿ ಟೆಸ್ಟೊಸ್ಟಿರೋನ್ ಅಂಕಿಯೊಂದರಿಂದಲೇ ಏನನ್ನೂ ನಿರ್ಧರಿಸಲಾಗದು. ಹಾಲೂಡಿಸುವ ತಿಂಗಳುಗಳಲ್ಲಿ ಮತ್ತು ಮುಟ್ಟು ನಿಂತ ಮೇಲೆ ಸ್ತ್ರೀ ಹಾರ್ಮೋನಾದ ಈಸ್ಟ್ರೊಜೆನ್ ಇಳಿದು ಯೋನಿ ಒಣಗಿದೆಯೇ ಎಂಬುದು ಹೆಚ್ಚು ಮುಖ್ಯ. ಇದಕ್ಕೆ ಲೂಬ್ರಿಕೆಂಟ್ ಇದೆ. ಮುಟ್ಟು ನಿಂತವರಿಗೆ ವೈದ್ಯರು ಯೋನಿಗೆ ಹಚ್ಚುವ ಈಸ್ಟ್ರೊಜೆನ್ ಕ್ರೀಮನ್ನೂ ಬರೆದುಕೊಡುತ್ತಾರೆ.

ಎಲ್ಲ ವರದಿಗಳೂ ಸರಿಯಿದ್ದು, 'ನನಗೆ ತಾನಾಗಿ ಆಸೆ ಹುಟ್ಟುವುದೇ ಇಲ್ಲ, ಆದರೆ ಶುರುವಾದ ಮೇಲೆ ಹಿತವೆನಿಸುತ್ತದೆ' ಎನ್ನುವವರು ಅನೇಕರು. ಇದು ದೋಷವಲ್ಲ. ಸ್ಪರ್ಶ, ಸಲುಗೆ, ಸಮಯ ಸಿಕ್ಕ ಮೇಲೆ ಬಯಕೆ ಹಿಂದಿನಿಂದ ಬರುವ ಈ ಬಗೆಯನ್ನು ವೈದ್ಯೆ ರೋಸ್‌ಮರಿ ಬ್ಯಾಸನ್ 2000ರಲ್ಲಿ ವಿವರಿಸಿದರು. ದೀರ್ಘ ದಾಂಪತ್ಯದಲ್ಲಿ ಇದು ತೀರಾ ಸಾಮಾನ್ಯ. ಇಂಥವರಿಗೆ ಬೇಕಿರುವುದು ಆತುರವಿಲ್ಲದ ಆರಂಭ, ಯಾವಾಗ ಬೇಕಾದರೂ 'ಸಾಕು' ಎನ್ನುವ ಸ್ವಾತಂತ್ರ್ಯ. ಒತ್ತಾಯದಿಂದ ಮುಂದುವರಿದರೆ ಇದ್ದ ಆಸೆಯೂ ಹೋಗುತ್ತದೆ.

ನಿಮಿರುವಿಕೆಗೆಂದು ಅಂಗಡಿಯಿಂದ ತಂದು ನುಂಗುವ ಸಿಲ್ಡೆನಾಫಿಲ್ (ವಯಾಗ್ರ) ರಕ್ತದ ಹರಿವಿಗೆ ನೆರವಾಗುತ್ತದೆಯೇ ಹೊರತು ಬಯಕೆಯನ್ನು ಹುಟ್ಟಿಸುವುದಿಲ್ಲ. ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರಲ್ಲಿ ಅದು ರಕ್ತದೊತ್ತಡವನ್ನು ಅಪಾಯಕಾರಿಯಾಗಿ ಕುಸಿಯುವಂತೆ ಮಾಡುತ್ತದೆ. ಟೆಸ್ಟೊಸ್ಟಿರೋನ್ ಚುಚ್ಚುಮದ್ದು ವೀರ್ಯಾಣು ಉತ್ಪಾದನೆಯನ್ನೇ ತಗ್ಗಿಸುವುದರಿಂದ ಮಗು ಬೇಕೆನ್ನುವವರು ಅದನ್ನು ಮುಟ್ಟಬಾರದು.

ಕೆಲವು ಲಕ್ಷಣಗಳು ಕಂಡರೆ ತಡಮಾಡಬೇಡಿ. ಆಸಕ್ತಿ ಕುಗ್ಗುವುದರ ಜೊತೆಗೆ ತಲೆನೋವು, ಪಕ್ಕದ ನೋಟ ಮಂಕಾಗುವುದು, ಹಾಲೂಡಿಸದಿದ್ದರೂ ಮೊಲೆಯಿಂದ ಹಾಲು ಒಸರುವುದು ಇದ್ದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಇರಬಹುದು. ಪ್ರೊಲ್ಯಾಕ್ಟಿನ್ ಸ್ರವಿಸುವ ಇಂಥ ಗಡ್ಡೆಗಳಲ್ಲಿ ಹೆಚ್ಚಿನವು ಮಾತ್ರೆಯಿಂದಲೇ ಕುಗ್ಗುತ್ತವೆ.