ಪಾಯಿಂಟ್ ತಗದ್ ಒಗೀಬೇಕಂತ ಹೊಂಟಿದ್ದೆ

ನಂದು 1977ರ ಯೆಜ್ಡಿ 250, ಡೈನಮೋ (ಕರೆಂಟ್ ಹುಟ್ಟಸೂ ಯಂತ್ರ) ಇರೋ ಹಳೇ ಮಾಡಲ್, ಆಮ್ಯಾಲ ಬಂದ ರೋಡ್‌ಕಿಂಗ್ ಅಲ್ಲ. ಅಪ್ಪಾರು ಧಾರವಾಡದಾಗ ಓಡಸ್ತಿದ್ರು, ನನಗ ಪುಣೆದಾಗ ನೌಕರಿ ಆದ ಮ್ಯಾಲ ಇಲ್ಲಿಗೆ ತಂದ್ಕೊಂಡೆ. ನಮ್ಮ ಸೊಸೈಟಿ ಮಂದಿಗೆ ಇದು ಬರೇ 'ಜಾವಾ', ಅಣ್ಣಾರ ಇದು ಮೈಸೂರಾಗ ಆದದ್ದು, 1996ರಾಗ ಬಂದ್ ಆಗೂ ತನಕ ಫ್ಯಾಕ್ಟರಿ ಅಲ್ಲೇ ಇತ್ತು ಅಂತ ಹೇಳಿ ಹೇಳಿ ಸಾಕಾಗೇತಿ.

ಹ್ವಾದ ಮಳಿಗಾಲದಾಗ ಒಂದು ರೋಗ ಸುರು ಆತು. ಮುಂಜಾನಿ ಒಂದ ಕಿಕ್ಕಿಗೆ ಚಾಲೂ, ಕೋಥ್ರೂಡ್‌ನಿಂದ ಚಲೋನ ಹೊಕ್ಕಿತ್ತು, ಕಾತ್ರಜ್ ಘಾಟ್ ಅರ್ಧ ಏರಿದ ಮ್ಯಾಲ ಕೆಮ್ಮಿ ಕೆಮ್ಮಿ ನಿಂತಬಿಡೂದು. ಹದಿನೈದು ನಿಮಿಷ ಕುಂತು ಚಹಾ ಕುಡದು ಬಂದ್ರ ಹೊಳ್ಳಿ ಒಂದ ಕಿಕ್ಕಿಗೆ ಚಾಲೂ, ಏನೂ ಆಗೇ ಇಲ್ಲ ಅನ್ನೂಹಂಗ. ತೋರಿಸಿದ ಗ್ಯಾರೇಜಿನವ ಕವರ್ ಸೈತ ಬಿಚ್ಚಲಿಲ್ಲ, "ಪಾಯಿಂಟ್ ಕಾಢೂನ್ ಟಾಕಾ, ಇಲೆಕ್ಟ್ರಾನಿಕ್ ಬಸವಾ" ಅಂತ ಮರಾಠಿಯೊಳಗ ಅಂದ, ಅಂದ್ರ ಪಾಯಿಂಟ್ ತಗದು ಒಗೀರಿ, ಇಲೆಕ್ಟ್ರಾನಿಕ್ ಕುಂದರಸ್ರಿ. ಪಾಯಿಂಟ್ ಅಂದ್ರ ಪ್ಲಗ್ಗಿಗೆ ಕಿಡಿ ಬರೂಹಂಗ ಕರೆಂಟ್ ಕೂಡಿಸಿ ಕಡಿಯೂ ಸಣ್ಣ ಸ್ವಿಚ್. ನಾನೂ ಹೂಂ ಅಂದೆ. ಚೆಕ್ ದೇಶದ ವೇಪ್ ಕಿಟ್ ಬರ್ತೈತಲ್ಲ, ಡೈನಮೋ ಪೂರಾ ತಗದು ತಿರಗೂ ಮ್ಯಾಗ್ನೆಟ್ ರೋಟರ್, ತಿರಗದ ಕುಂದರೂ ಹೊಸಾ ಸ್ಟೇಟರ್ (ತಂತಿ ಸುರುಳಿ) ಹಾಕೂದು, 6 ವೋಲ್ಟ್ ಹೋಗಿ 12 ವೋಲ್ಟ್ ಆಗ್ತದ, ಬ್ಯಾಟರಿ ಸತ್ರೂ ಗಾಡಿ ಚಾಲೂ ಆಗ್ತದ. ಅದರ ರೇಟ್ ಕೇಳಿ ಮನ್ಯಾಗ ಎರಡ್ ದಿನ ಮಾತಿಲ್ಲ ಕತಿ ಇಲ್ಲ.

ಅದಕ್ಕ ದುಡ್ಡು ಹೊಂದ್ಸೂ ತನಕ ನಾನ ಒಮ್ಮೆ ನೋಡೂಣು ಅಂತ ರವಿವಾರ ಬಲಗಡೆ ಕವರ್ ಬಿಚ್ಚಿದೆ. ಪಾಯಿಂಟ್ ಸುಟ್ಟು ನೀಲಿ ಬಣ್ಣ ಆಗಿದ್ವು, ಸಂಜಿ ಕತ್ತಲದಾಗ ಎಂಜಿನ್ ಓಡಿಸಿ ನೋಡಿದ್ರ ಪಾಯಿಂಟ್ ನಡುವ ಕಿಡಿ ಹಾರೂದು ಕಾಣಸ್ತಿತ್ತು. ಅಂದ್ರ ಆ ಕಿಡಿ ತಡಿಯೂ ಕಂಡೆನ್ಸರ್ ಹೋಗೇತಿ. ಈ ಗಾಡ್ಯಾಗ ಅದು ಕವರ್ ಒಳಗ ಪಾಯಿಂಟ್ ಪಕ್ಕನ ಕುಂತಿರ್ತದ, ಎಂಜಿನ್ ಕಾವೆಲ್ಲ ಅದಕ್ಕ. ಥಂಡಿ ಇದ್ದಾಗ ಚಲೋ, ಕಾಯ್ದ ಮ್ಯಾಲ ಕೈ ಕೊಡೂದು. ನಾನಾ ಪೇಠಿಗೆ ಹೋಗಿ ಹುಡುಕಿ ಒಂದು ಪದ್ಮಿನಿ ಕಾರಿನ ಕಂಡೆನ್ಸರ್ ತಂದೆ (ಮುಂಬೈ ಟ್ಯಾಕ್ಸಿಗೆ ಹಾಕತಿದ್ದದ್ದು ಅದ), ಇಂಥಾ ಕಂಡೆನ್ಸರೆಲ್ಲ ಸುಮಾರು 0.2 ಮೈಕ್ರೋಫ್ಯಾರಡ್ ಆಸುಪಾಸನ ಇರ್ತಾವು, ಅದಕ್ಕ ನಡೀತದ. ಒಳಗ ಹಾಕದ ಹೊರಗ ಕಾಯಿಲ್ ಪಕ್ಕ ಗಾಳಿ ಆಡೂ ಜಾಗಾದಾಗ ಕಟ್ಟಿದೆ. ಕಟ್ಟಿ ಘಾಟ್ ಏರಿದ್ರ ಮತ್ತ ಅಲ್ಲೇ ನಿಂತ್ತು! ಹಳೇ ಕಂಡೆನ್ಸರಿನ ವಯರ್ ಬಿಚ್ಚೂದನ್ನ ಮರತಿದ್ದೆ, ಅದು ಒಳಗ ಕುಂತು ಕಾಯ್ದಾಗೆಲ್ಲ ಕರೆಂಟನ್ನ ಎಂಜಿನ್ ಬಾಡಿಯೊಳಗ ಸೋರಿಸಿಬಿಡ್ತಿತ್ತು. ನನ್ನ ಒಂದು ರಜಾ ಅದರಾಗ ಹೋತು. ವಯರ್ ಕತ್ತರಿಸಿದ ಮ್ಯಾಲ ಖೇಡ್ ಶಿವಾಪುರ ತನಕ ಹೋಗಿ ಬಂದೆ, ಎಲ್ಲೂ ನಿಂದರಲಿಲ್ಲ.

ಇಷ್ಟಕ್ಕ ಮುಗೀತು ಅನ್ಕೊಂಡಿದ್ದೆ. ಆದ್ರ ಐಡ್ಲಿಂಗ್ ಸರಿ ಬರವಲ್ದು, ಸಿಗ್ನಲ್‌ನ್ಯಾಗ ತಂತಾನ ರೇಸ್ ಏರೂದು, ಪಾಯಿಂಟ್ ಗ್ಯಾಪ್ ಇವತ್ತು 0.4 ಮಿಮೀ ಇಟ್ರ ಮುಂದಿನ ವಾರ ಬ್ಯಾರೇನ. ಹೊಳ್ಳಿ ಕವರ್ ಬಿಚ್ಚಿದಾಗ ಪಾಯಿಂಟ್ ಮ್ಯಾಲ ಸಣ್ಣಗ ಎಣ್ಣಿ ಜಿಡ್ಡು. ಅಲ್ಲಿ ಎಣ್ಣಿ ಯಾಕ ಬರಬೇಕು? ಇದು ಟೂ ಸ್ಟ್ರೋಕ್, ಪೆಟ್ರೋಲ್ ಜೋಡಿ ಎಣ್ಣಿ ಕ್ರ್ಯಾಂಕ್‌ಕೇಸ್ ಒಳಗ ತಿರಗತಿರ್ತದ, ಬಲಗಡೆ ಸೀಲ್ ಹ್ವಾದ್ರ ಅಲ್ಲಿಂದ ಹೊರಗ ಬರ್ತದ, ಅದ ದಾರೀಲೇ ಗಾಳಿನೂ ಒಳಗ ಎಳ್ಕೊಂತದ, ರೇಸ್ ಏರೂದು ಅದಕ್ಕ. ಆಮ್ಯಾಲ ಆರ್ಮೇಚರ್ (ಕ್ರ್ಯಾಂಕ್ ತುದೀಗಿರೂ ಡೈನಮೋದ ತಿರಗೂ ಭಾಗ) ಹಿಡದು ಮ್ಯಾಲ ಕೆಳಗ ಅಳಗ್ಯಾಡಿಸಿದೆ, ಫೀಲರ್ ಗೇಜ್ (ಸಂದಿ ಅಳಿಯೂ ತೆಳು ಪಟ್ಟಿ) ಪಾಯಿಂಟ್ ನಡುವನ ಇತ್ತು, ಒಮ್ಮೆ ಬಿಗಿ ಒಮ್ಮೆ ಸಡಲ! ಪಾಯಿಂಟ್ ತೆರೆಯೂ ಕ್ಯಾಮ್ ಕ್ರ್ಯಾಂಕ್ ತುದೀಗೇ ಇರ್ತದ, ಬೇರಿಂಗ್ ಸವದ್ರ ಕ್ಯಾಮ್ ಕುಣೀತದ, ಗ್ಯಾಪ್ ಕುಣೀತದ, ಟೈಮಿಂಗೂ (ಕಿಡಿ ಹಾರೂ ಹೊತ್ತು) ಕುಣೀತದ. ಪಾಯಿಂಟ್ ಪಾಪ ಏನ್ ಮಾಡೀತು.

ಕಿಟ್ ಹಾಕಿಸಿದ್ದಿದ್ರ ಆ ಹೊಸಾ ರೋಟರೂ ಅದ ಸವದ ಕ್ರ್ಯಾಂಕ್ ತುದೀಗೆ ಕುಂದರತಿತ್ತು, ಅಷ್ಟು ಸಣ್ಣ ಸಂದಿಯೊಳಗ ಸ್ಟೇಟರಿಗೆ ತಿಕ್ಕಿ ಎಷ್ಟ ದಿನದಾಗ ಹಾಳಾಗ್ತಿತ್ತೋ ದೇವರಿಗೆ ಗೊತ್ತು.

ಎಂಜಿನ್ ಇಳಿಸಿ ಭೋಸರಿ ಲೇಥ್ ಅಂಗಡಿಗೆ ಒಯ್ದೆ, ಮೇನ್ ಬೇರಿಂಗ್, ಸೀಲ್ ಎಲ್ಲಾ ಹೊಸಾವು. ಜೋಡಿಸಿದ ಮ್ಯಾಲ ಟೈಮಿಂಗ್ ನಾನ ಇಟ್ಟೆ. ಮೊದಲ ಗ್ಯಾಪ್, ಆಮ್ಯಾಲ ಟೈಮಿಂಗ್, ಯಾಕಂದ್ರ ಗ್ಯಾಪ್ ಬದಲಾದ್ರ ಟೈಮಿಂಗೂ ಸರೀತದ. ಪಾಯಿಂಟ್ ವಯರಿಗೂ ಬಾಡಿಗೂ ನಡುವ ಒಂದು ಸಣ್ಣ ಬಲ್ಬ್ ಕಟ್ಟಿ ಚಾವಿ ಆನ್ ಇಡ್ರಿ, ಪ್ಲಗ್ ತೂತಿನ್ಯಾಗ ವರ್ನಿಯರ್ ಕಡ್ಡಿ (ಆಳ ಅಳಿಯೂದು) ಇಳಿಸಿ ಕ್ರ್ಯಾಂಕ್ ನಿಧಾನ ತಿರಗಸ್ರಿ, ಬಲ್ಬ್ ಹತ್ತಿದ ಕ್ಷಣ ಪಾಯಿಂಟ್ ತೆರೀತು ಅಂತ ಅರ್ಥ, ಅವಾಗ ಪಿಸ್ಟನ್ ಮ್ಯಾಲಿನ ತುದೀಗಿಂತ ಎಷ್ಟು ಕೆಳಗೈತಿ ಅಂತ ಮ್ಯಾನ್ಯುಯಲ್ ಜೋಡಿ ತಾಳೆ ನೋಡೂದು. ಕ್ಯಾಮ್‌ಗೆ ಹತ್ತೂ ಫೆಲ್ಟ್‌ಗೆ ಒಂದ ಹನಿ ಎಣ್ಣಿ ಹಾಕ್ರಿ, ಎರಡನೇ ಹನಿ ಬ್ಯಾಡ. ಪಾಯಿಂಟಿಗೆ ಎಮರಿ ಪೇಪರ್ ತಿಕ್ಕಬ್ಯಾಡ್ರಿ, ಅದರ ಪುಡಿ ಅಲ್ಲೇ ಸಿಕ್ಕಿಬೀಳ್ತದ, ಸಣ್ಣ ಅರ (ಫೈಲ್) ತಗೋರಿ.

ತಪ್‌ಕೀರ್ ಗಲ್ಲಿಯಿಂದ ಸಾಮಾನು ತಂದು ಟ್ರಾನ್ಸಿಸ್ಟರ್ ಡಬ್ಬಿ ಮಾಡಿ ಹಾಕೂಣು, ಪಾಯಿಂಟಿಗೆ ಕರೆಂಟ್ ಕಡಿಮಿ ಆಗಿ ಸುಡೂದಿಲ್ಲ ಅಂತ ಒಬ್ಬ ಗೆಳೆಯ ಗಂಟು ಬಿದ್ದಾನ. ಖರೆ ಅದ, ಆದ್ರ ಕ್ಯಾಮ್‌ಗೆ ತಿಕ್ಕೂ ಪಾಯಿಂಟಿನ ಫೈಬರ್ ಹಿಮ್ಮಡ ಸವೆಯೂದಂತೂ ತಪ್ಪೂದಿಲ್ಲ, ಗ್ಯಾಪ್ ಅಂತೂ ನೋಡಾಕ ಬೇಕು, ಹಂಗಾದ್ರ ಡಬ್ಬಿ ಯಾಕ? ದಿನಾ ಆಫೀಸಿಗೆ ಓಡಸೂವ್ರು, ರಾತ್ರಿ ಹೈವೇ ಹೊಡಿಯೂವ್ರು ಬೇರಿಂಗ್ ನೋಡಿಕೊಂಡು ಪೂರಾ ಕಿಟ್ಟನ ಹಾಕಸ್ರಿ, ನಾ ಬ್ಯಾಡ ಅನ್ನೂದಿಲ್ಲ. ಚಿಂಚವಡದ ಒಬ್ಬರ ಗಾಡಿಗೆ ಹಾಕಿದ್ದು ನೋಡೀನಿ, ಏನ್ ಬೆಳಕು ಅಂತೀರಿ!

ನಾ ಓಡಸೂದು ರವಿವಾರ, ಹಬ್ಬಕ್ಕ ಧಾರವಾಡ. ಪಾಯಿಂಟ್ ಹಂಗ ಬಿಟ್ಟೀನಿ. ಟೂಲ್ ಬಾಕ್ಸಿನ್ಯಾಗ ಒಂದು ಹೆಚ್ಚಿನ ಪಾಯಿಂಟ್ ಸೆಟ್, ಒಂದು ಕಂಡೆನ್ಸರ್, ಫೀಲರ್ ಗೇಜ್. ಹ್ವಾದ ದೀಪಾವಳಿಗೆ ಬೆಳಗಾವಿ ದಾಟಿ ಊರು ಮುಟ್ಟೂ ತನಕ ಒಂದನ್ನೂ ಹೊರಗ ತಗೀಲಿಲ್ಲ. ಹೊಳ್ಳಿ ಬರೂ ಮುಂದ ಖಂಬಾಟಕಿ ಘಾಟ್‌ನ್ಯಾಗ ಕತ್ತಲಾತು, 6 ವೋಲ್ಟಿನ ಹೆಡ್‌ಲೈಟ್ ಪಣತಿ ಹಂಗ ಉರೀತಿತ್ತು, ಒಂದು ಲಾರಿ ಹಿಂದನ ಬೆಳಕು ಹಿಡ್ಕೊಂಡು ಬಂದೆ.