ವಿಲ್ ರದ್ದಾಗಿದೆ ಅಂತ ಕೋರ್ಟಲ್ಲಿ ಪ್ರೂವ್ ಮಾಡಿದ ನನ್ನ ಅನುಭವ

ತುಮಕೂರು ಕಡೆ ಸಿವಿಲ್ ಕೇಸ್ ನಡೆಸೋ ಲಾಯರ್ ನಾನು. ಒಬ್ಬ ಹೆಣ್ಣುಮಗಳು ನೋಟಿಸ್ ಹಿಡ್ಕೊಂಡು ಬಂದ್ರು. ಅಪ್ಪ ತೀರ್ಕೊಂಡ್ಮೇಲೆ ಅಣ್ಣ ಪ್ರೊಬೇಟ್‌ಗೆ, ಅಂದ್ರೆ ವಿಲ್ ಊರ್ಜಿತ ಅಂತ ಕೋರ್ಟಿಂದ ಬರೆಸ್ಕೊಳ್ಳೋಕೆ, ಅರ್ಜಿ ಹಾಕಿದಾನೆ, ವಿಲ್ ರಿಜಿಸ್ಟರ್ ಆಗಿದೆ, ಸ್ವಯಾರ್ಜಿತ ಮನೆ ಸೈಟು ಎಲ್ಲಾ ಅವನಿಗೇ, ವಿಲ್ ಪ್ರಕಾರ ಎಲ್ಲಾ ನಡೆಸ್ಬೇಕಾದ ಎಕ್ಸಿಕ್ಯೂಟರೂ ಅವನೇ. ನಮ್ಮಲ್ಲಿ ಹಿಂದೂಗಳಿಗೆ ಪ್ರೊಬೇಟ್ ಕಡ್ಡಾಯ ಏನಿರಲಿಲ್ಲ, ಬ್ಯಾಂಕಲ್ಲಿ ಕೇಳಿದ್ರಂತೆ. "ಸಾರ್, ಅಪ್ಪ ಇದನ್ನ ಕ್ಯಾನ್ಸಲ್ ಮಾಡಿದ್ರು" ಅಂತ ವಿಲ್ ಮುಂದಿಟ್ರು. ಅಡ್ಡಡ್ಡ ನೀಲಿ ಪೆನ್ನಿನ ಗೀಟು, ಪಕ್ಕದಲ್ಲಿ 'ರದ್ದು', ಕೆಳಗೆ ಅಪ್ಪನ ಸೈನು.

ಅಷ್ಟು ಸಾಲಲ್ಲ ಅಂತ ಹೇಳೋಕೆ ನಂಗೆ ಸಂಕಟ ಆಯ್ತು. 1925ರ ಉತ್ತರಾಧಿಕಾರ ಕಾಯ್ದೆ ಸೆಕ್ಷನ್ 70ರಲ್ಲಿ ದಾರಿ ಇರೋದೇ ಕೆಲವು, ಹೊಸ ವಿಲ್ ಬರೀಬೇಕು, ಇಲ್ಲಾ ರದ್ದು ಮಾಡಿದೀನಿ ಅಂತ ವಿಲ್ ಥರಾನೇ ಇಬ್ಬರು ಸಾಕ್ಷಿ ಹಾಕ್ಸಿ ಪತ್ರ ಮಾಡ್ಬೇಕು, ಇಲ್ಲಾ ಆ ಉದ್ದೇಶದಿಂದ್ಲೇ ಹರಿದೋ ಸುಟ್ಟೋ ಹಾಕ್ಬೇಕು. ಬರೀ ಗೀಟು ನಡೆಯಲ್ಲ. "ಮನೇಲಿ ಒಂದು ಕಾಗದಾನೂ ಬಿಡ್ದೆ ಹುಡುಕಿಮ್ಮಾ" ಅಂದೆ.

ವಾರ ಬಿಟ್ಟು ಬಂದ್ರು. ಇನ್ಶೂರೆನ್ಸ್ ಕವರೊಳಗೆ ನಾಲ್ಕು ಮಡಿಕೆಯ ಛಾಪಾ ಕಾಗದ, ರದ್ದು ಪತ್ರ, ಎರಡು ಸಾಕ್ಷಿ ಸೈನು! ಒಬ್ರು ತೀರ್ಕೊಂಡಿದ್ರು, ಇನ್ನೊಬ್ರು ರಿಟೈರ್ಡ್ ಮೇಷ್ಟ್ರು, ಗಟ್ಟಿಯಾಗಿದ್ರು.

ತಕರಾರು ಹಾಕಿದ್ಮೇಲೆ ಪ್ರೊಬೇಟ್ ಅರ್ಜಿ ದಾವೆ ಥರ ನಡಿಯುತ್ತೆ, ಸಾಕ್ಷಿ ಹೇಳಿಸೋ ಚೀಫು, ಎದುರಿನ ಲಾಯರ್ ಪ್ರಶ್ನೆ ಕೇಳೋ ಕ್ರಾಸು ಎಲ್ಲಾ ಇರುತ್ತೆ. ಎದುರಿನ ಲಾಯರ್ ವಾದ ಒಂದೇ, ರಿಜಿಸ್ಟರ್ ವಿಲ್‌ನ ರಿಜಿಸ್ಟರ್ ಆಗದ ಪತ್ರ ಹೇಗೆ ರದ್ದು ಮಾಡುತ್ತೆ ಅಂತ. ವಿಲ್ ರಿಜಿಸ್ಟರ್ ಮಾಡ್ಸೋದೇ ಐಚ್ಛಿಕ, ರದ್ದಿಗೂ ಅಷ್ಟೇ. ನನ್ನ ಗಮನ ಪೂರ್ತಿ ಮೇಷ್ಟ್ರ ಮೇಲಿತ್ತು. ಕೋರ್ಟಲ್ಲಿ ಪ್ರೂವ್ ಮಾಡೋಕೆ ಒಬ್ಬ ಸಾಕ್ಷಿ ಸಾಕು, ನಿಜ, ಆದ್ರೆ ಆ ಒಬ್ಬರೇ ಇನ್ನೊಬ್ಬ ಸಾಕ್ಷಿ ಸೈನ್ ಮಾಡಿದ್ದನ್ನೂ ಹೇಳಬೇಕು, ಸುಪ್ರೀಂ ಕೋರ್ಟ್ 2002ರಲ್ಲಿ ಜಾನಕಿ ನಾರಾಯಣ್ ಭೋಯಿರ್ ಕೇಸಲ್ಲಿ ಹೇಳಿದ್ದು ಇದನ್ನೇ, ಎಷ್ಟೋ ಕೇಸ್ ಬಿದ್ದು ಹೋಗೋದು ಇಲ್ಲೇ. ಮೇಷ್ಟ್ರು ಕನ್ನಡಕ ತೆಗೆದು ಪತ್ರ ಹತ್ರ ಹಿಡಿದು ನೋಡಿ, "ಅವರು ನಮ್ಮಿಬ್ಬರ ಮುಂದೆ ಸೈನ್ ಹಾಕಿದ್ರು, ಆಮೇಲೆ ನಾನು, ನನ್ನ ಪೆನ್ ಇಸ್ಕೊಂಡು ಈ ಇನ್ನೊಬ್ಬ ಸಾಕ್ಷಿ, ಅಲ್ಲೇ ಅವರೆದುರಿಗೇ" ಅಂದ್ರು. ಕ್ರಾಸಲ್ಲೂ ಅಲ್ಲಾಡ್ಲಿಲ್ಲ.

ಅರ್ಜಿ ವಜಾ. ಆದ್ರೆ ಪ್ರೊಬೇಟ್ ಕೋರ್ಟ್ ನೋಡೋದು ವಿಲ್ ಊರ್ಜಿತನಾ ಅನ್ನೋದಷ್ಟೇ, ಆಸ್ತಿ ಪಾಲು ಮಾಡ್ಕೊಡಲ್ಲ. ಬೇರೆ ವಿಲ್ ಇಲ್ದಿದ್ರಿಂದ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಮ್ಮ, ಅಣ್ಣ, ತಂಗಿ ಮೂವರಿಗೂ ಸಮಪಾಲು. ಇನ್ನೊಂದು ದಾವೆ ಬೇಡ ಅಂತ ಅಣ್ಣನ್ನೂ ಕೂರಿಸಿ ಮಾತಾಡಿದ್ವಿ, ಕೊನೆಗೆ ಮೂವರೂ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಪಾಲುಪಟ್ಟಿಗೆ ಸೈನ್ ಹಾಕಿದ್ರು.