ಕಾಗುಣಿತದಿಂದ ಕಂದಪದ್ಯದವರೆಗೆ: ಓದು ಕಲಿತ ನನ್ನ ಅನುಭವ

ಅಕ್ಷರ ಗುರುತಿಸುವುದೇ ಓದಲ್ಲ ಎಂಬುದನ್ನು ನನಗೆ ಮೊದಲು ತಿಳಿಸಿದ್ದು ಅರ್ಕಾವೊತ್ತು. ತರಗತಿಯವರೆಲ್ಲ ಸೇರಿ ರಾಗವಾಗಿ ಒಪ್ಪಿಸುತ್ತಿದ್ದ ಕಾಗುಣಿತವು ಸ್ಲೇಟಿನ ಮೇಲೆ ತಿದ್ದುವುದಕ್ಕೆ ಮೊದಲೇ ಬಾಯಿಗೆ ಬಂದಿತ್ತು. ಮೇಲಿನ ಅಕ್ಷರವನ್ನು ಮೊದಲು, ಕೆಳಗಿನದನ್ನು ಆಮೇಲೆ ಹೇಳಿದರೆ ಸಾಕಾದುದರಿಂದ ಒತ್ತಕ್ಷರಗಳೂ ಕಾಡಲಿಲ್ಲ. ಆದರೆ ‘ಸೂರ್ಯ’ದಲ್ಲಿ ಯಕಾರದ ಬಲಕ್ಕಿರುವ ಅರ್ಕಾವೊತ್ತಿನ ಚಿಹ್ನೆಯನ್ನು ಯಕಾರಕ್ಕಿಂತ ಮುಂಚೆ ಉಚ್ಚರಿಸಬೇಕು. ನಮ್ಮ ಮೇಷ್ಟ್ರು ಈ ನಿಯಮವನ್ನು ವಿವರಿಸುವ ಗೋಜಿಗೆ ಹೋಗದೆ, ಪದವನ್ನು ಮೊದಲು ಬಾಯಲ್ಲಿ ಹೇಳಿಸಿ ಆಮೇಲೆ ಹಲಗೆಯ ಮೇಲೆ ತೋರಿಸುತ್ತಿದ್ದರು.

ವಾಕ್ಯವನ್ನು ಓದಲು ಕಲಿಸಿದವರು ಓದು ಬಾರದ ನನ್ನ ಅಜ್ಜಿ. ದಿನಪತ್ರಿಕೆಯನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳುವುದು ನನ್ನ ಪಾಲಿನ ಕೆಲಸವಾಗಿತ್ತು. ಕ್ರಿಯಾಪದ ಕೊನೆಗೆ ಬರುವ ನಮ್ಮ ಭಾಷೆಯಲ್ಲಿ, ಅದರಲ್ಲೂ ವರದಿಗಾರರು ಹೆಣೆಯುವ ಉದ್ದನೆಯ ವಾಕ್ಯಗಳಲ್ಲಿ, ಯಾರು ಏನು ಮಾಡಿದರೆಂಬುದು ಕಡೆಯವರೆಗೂ ಇತ್ಯರ್ಥವಾಗುವುದಿಲ್ಲ, ನಡುವೆ ಎಲ್ಲೆಂದರಲ್ಲಿ ಉಸಿರು ಬಿಟ್ಟರೆ “ಯಾರು ಯಾರಿಗೆ ಹೇಳಿದ್ದು ಮಗಾ?” ಎಂದು ಕೇಳುತ್ತಿದ್ದರು. ಹೀಗಾಗಿ ಬಾಯಿ ಒಂದು ಪದದಲ್ಲಿರುವಾಗಲೇ ಕಣ್ಣು ಮುಂದೋಡಿ ಕ್ರಿಯಾಪದವನ್ನು ಹುಡುಕುವುದು ರೂಢಿಯಾಯಿತು. ಮೌನವಾಗಿ, ವೇಗವಾಗಿ ಓದುವ ಅಭ್ಯಾಸ ಪ್ರೌಢಶಾಲೆಯ ಹೊತ್ತಿಗೆ ತಾನಾಗಿಯೇ ಬಂತು.

ಉದ್ಯೋಗಕ್ಕೆ ಸೇರಿದ ಮೇಲೆ ಕುಮಾರವ್ಯಾಸನ ಭಾರತವನ್ನು ಕೈಗೆತ್ತಿಕೊಂಡಾಗ ಈ ವೇಗ ಪ್ರಯೋಜನಕ್ಕೆ ಬರಲಿಲ್ಲ. ಸಂಧಿಯಲ್ಲಿ ಬೆಸೆದುಕೊಂಡ ಪದಗಳು ಸಾಲಿನ ತುದಿಯಲ್ಲಿ ತುಂಡಾಗಿ ಮುಂದಿನ ಸಾಲಿಗೆ ದಾಟುತ್ತಿದ್ದವು. ಊರಿನ ದೇವಸ್ಥಾನದಲ್ಲಿ ಶ್ರಾವಣದ ಸಂಜೆಗಳಲ್ಲಿ ಗಮಕ ವಾಚನ, ಎಂದರೆ ಕಾವ್ಯವನ್ನು ರಾಗವಾಗಿ ಓದುವುದನ್ನು, ಕೇಳಿದ್ದ ನೆನಪಿನಿಂದ ಪುನಃ ಗಟ್ಟಿಯಾಗಿ ಓದತೊಡಗಿದೆ. ಈ ಕಾವ್ಯದ ಛಂದಸ್ಸಾದ ಆರು ಸಾಲಿನ ಭಾಮಿನಿ ಷಟ್ಪದಿಯ 1, 2, 4, 5ನೆಯ ಸಾಲುಗಳು ಮೂರು ಮತ್ತು ನಾಲ್ಕು ಮಾತ್ರೆಗಳ (ಒಂದು ಹ್ರಸ್ವಾಕ್ಷರವನ್ನು ಉಚ್ಚರಿಸುವಷ್ಟು ಕಾಲ ಒಂದು ಮಾತ್ರೆ) ಗಣಗಳಾಗಿ, ಎಂದರೆ ಗುಂಪುಗಳಾಗಿ, 14 ಮಾತ್ರೆಗೆ ಮುಗಿಯುತ್ತವೆ. 3 ಮತ್ತು 6ನೆಯವು ಕೊನೆಯ ಗುರುವೂ (ಎರಡು ಮಾತ್ರೆಯ ಅಕ್ಷರ) ಸೇರಿ 23ಕ್ಕೆ ನಿಲ್ಲುತ್ತವೆ. ಈ ನಡೆಯನ್ನು ತೊಡೆಯ ಮೇಲೆ ತಟ್ಟಿಕೊಂಡು ಓದಿ, ಎರಡನೆಯ ಸಲ ಪೆನ್ಸಿಲಿನಿಂದ ಪದ ಬಿಡಿಸಿ, ಮೂರನೆಯ ಸಲ ಅರ್ಥಕ್ಕಾಗಿ ಓದುತ್ತಿದ್ದೆ. ಅರ್ಥಕೋಶವನ್ನು ಮೊದಲೇ ತೆರೆದರೆ ಪದ್ಯವೇ ಕೈತಪ್ಪುತ್ತದೆಂಬುದು ನನ್ನ ಅಭಿಪ್ರಾಯ; ವಿದ್ವಾಂಸರು ಒಪ್ಪಲಿಕ್ಕಿಲ್ಲ.

ಹಳಗನ್ನಡಕ್ಕೆ ಜೈನ ಕಥೆಗಳ ಸಂಗ್ರಹವಾದ ವಡ್ಡಾರಾಧನೆಯ ಗದ್ಯದಿಂದ ಪ್ರವೇಶಿಸಿದೆ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಪದದ ಮೊದಲಿನ ಪಕಾರವನ್ನು ಹಕಾರವಾಗಿ ಕೇಳಿಸಿಕೊಳ್ಳಲು ಕಲಿತದ್ದರಿಂದಲೇ ಅರ್ಧದಷ್ಟು ಅಪರಿಚಿತ ಪದಗಳು ಮನೆಮಾತಿನವಾದವು. ೞಕಾರ ಸ್ವಲ್ಪ ತಡವಾಗಿ ಹಿಡಿತಕ್ಕೆ ಬಂತು. ‘ಬಾೞ್’ ಬಾಳಾಗುವುದು ಸುಲಭ, ‘ಪೊೞ್ತು’ ಹೊತ್ತಾಗುವುದನ್ನು ಕಾಣಲು ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಬೇಕಾಯಿತು.

ಈಗ ಹಳಗನ್ನಡ ಕವಿ ಪಂಪನ ಕಾವ್ಯ ಪಂಪಭಾರತದ ಓದು ನಡೆದಿದೆ. ನಾಲ್ಕು ಮಾತ್ರೆಯ ಗಣಗಳಲ್ಲಿ ಸಾಗುವ ಕಂದಪದ್ಯಗಳು ಷಟ್ಪದಿಯ ಅಭ್ಯಾಸವಿದ್ದವರಿಗೆ ಬೇಗ ಒಗ್ಗುವುದರಿಂದ ಪ್ರತಿ ಆಶ್ವಾಸದಲ್ಲೂ (ಅಧ್ಯಾಯದಲ್ಲೂ) ಅವನ್ನು ಮೊದಲು ಓದಿಕೊಂಡು, ಮಾತ್ರೆಯ ಬದಲು ಅಕ್ಷರಗಳ ಗಣಗಳಿಂದ ಕಟ್ಟಿದ ವೃತ್ತಗಳಿಗೆ ಆಮೇಲೆ ಮರಳುತ್ತಿದ್ದೇನೆ.